ವಾಲೆಸ್ ಸ್ಟೆಗ್ನರ್: ಪ್ರಾಂತದ ಕಾದಂಬರಿಕಾರನೂ ಕಥನಶಿಕ್ಷೆಯೂ

ಕಾವ್ಯರಚನೆಯನ್ನು ಕಲಿಸಬಹುದೇ ಎಂಬ ಪ್ರಶ್ನೆ ಭಾರತೀಯ ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ದಂಡಿಯು ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ಬಹುಶ್ರುತತೆ, ಬಿಡದ ಅಭ್ಯಾಸ ಈ ಮೂರನ್ನೂ ಕಾವ್ಯಸಂಪತ್ತಿಗೆ ಕಾರಣವೆಂದು ಎಣಿಸಿದನು. ಮಮ್ಮಟನು ಆ ಅಭ್ಯಾಸವು ಕಾವ್ಯವನ್ನು ಬಲ್ಲವರ ಶಿಕ್ಷಣದಿಂದ ನಡೆಯತಕ್ಕದ್ದೆಂಬ ವಿಶೇಷವನ್ನು ಸೇರಿಸಿದನು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನಾದರೋ ‘ಕವಿಕಂಠಾಭರಣ’ದಲ್ಲಿ ಶಿಷ್ಯರನ್ನೇ ಮೂರು ತೆರನಾಗಿ ವಿಂಗಡಿಸಿ, ಅಲ್ಪಪ್ರಯತ್ನದಿಂದ ಸಿದ್ಧಿಸುವವರು, ಕಷ್ಟಸಾಧ್ಯರು, ಎಂದಿಗೂ ಅಸಾಧ್ಯರು ಎಂದು ಹೆಸರಿಟ್ಟನು, ಒಣವ್ಯಾಕರಣದಿಂದಲೂ ತರ್ಕದಿಂದಲೂ ಬರಡಾದವರನ್ನು ಕೊನೆಯ ಗುಂಪಿಗೆ ತಳ್ಳಿದನು. ಸಾಹಿತ್ಯದ ಅಧ್ಯಾಪಕರು ಸ್ವಲ್ಪ ಅಳುಕಿನಿಂದಲೇ ಓದಬೇಕಾದ ಮಾತಿದು. ಕನ್ನಡದಲ್ಲಿ ದೊರೆತಿರುವ ಮೊದಲನೆಯ ಗ್ರಂಥವಾದ ‘ಕವಿರಾಜಮಾರ್ಗ’ವೂ ಬಹುಮಟ್ಟಿಗೆ ಕವಿಗಳಾಗಬಯಸುವವರಿಗೆ ದಾರಿ ತೋರಿಸಲೆಂದೇ ಹುಟ್ಟಿದ ಶಿಕ್ಷಾಗ್ರಂಥ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಗುರುತಿಸಿ ಹೇಳಿದ ಗ್ರಂಥವೂ ಅದೇ ಎಂಬುದು ಗಮನಾರ್ಹ. ಕವಿಗೆ ಕಲಿಸುವ ಮಾತೂ ಕವಿಯ ನೆಲದ ಎಲ್ಲೆಯೂ ಅಲ್ಲಿ ಒಂದೇ ಉಸಿರಿನಲ್ಲಿ ಬಂದಿವೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಎರಡು ಕಾರ್ಯಗಳೂ, ಎಂದರೆ ತನ್ನ ನೆಲವನ್ನು ಸಾಹಿತ್ಯದೊಳಕ್ಕೆ ತರುವುದೂ ಬರೆಯಲೆಳಸುವ ಕಿರಿಯರನ್ನು ತಿದ್ದುವುದೂ, ಒಬ್ಬನ ಬಾಳಿನಲ್ಲಿ ಕೂಡಿಬಂದುದಕ್ಕೆ ಅಮೆರಿಕದ ವಾಲೆಸ್ ಸ್ಟೆಗ್ನರನು ಒಳ್ಳೆಯ ನಿದರ್ಶನ. ಆತನ ಕಾದಂಬರಿಗಳನ್ನು ಒಂದು ಕಡೆಗೂ ಅಧ್ಯಾಪನವನ್ನು ಇನ್ನೊಂದು ಕಡೆಗೂ ಇಟ್ಟು ನೋಡುವುದು ಸುಲಭ. ಆದರೆ ಎರಡರ ಬೇರೂ ಒಂದೇ. ತನ್ನ ಊರಿಗೆ ಬರೆದಿಟ್ಟ ಪೂರ್ವಚರಿತ್ರೆಯೇ ಇಲ್ಲವೆಂದು ತಿಳಿದು ಬೆಳೆದ ಹುಡುಗನೊಬ್ಬನ ಹಸಿವು ಕಾದಂಬರಿಯನ್ನೂ ಬರೆಯಿಸಿತು, ಪಾಠವನ್ನೂ ಹೇಳಿಸಿತು. ಕೊನೆಗೆ ಆತನ ಅತ್ಯಂತ ಪ್ರಸಿದ್ಧವಾದ ಗ್ರಂಥದ ಮೇಲೆ ಅಳಿಸಲಾಗದ ಒಂದು ಕಲೆಯನ್ನೂ ಉಳಿಸಿತು.

ಸ್ಟೆಗ್ನರನು 1909ರ ಫೆಬ್ರವರಿ 18ರಂದು ಅಯೊವಾ ಸಂಸ್ಥಾನದ ಲೇಕ್ ಮಿಲ್ಸ್ ಎಂಬ ಊರಿನ ಬಳಿ ಹುಟ್ಟಿದನು. ತಂದೆ ಜಾರ್ಜ್ ಒಂದೆಡೆ ಕಾಲೂರಿ ನಿಲ್ಲುವ ಪ್ರಕೃತಿಯವನಲ್ಲ. ಮುಂದಿನ ಬೆಟ್ಟವನ್ನು ದಾಟಿದರೆ ಐಶ್ವರ್ಯವು ಕೈಗೆ ಸಿಕ್ಕೀತೆಂದು ನಂಬಿ ಹೆಂಡತಿಮಕ್ಕಳನ್ನು ಊರಿಂದೂರಿಗೆ ಎಳೆದಾಡಿದವನು. ತಾಯಿ ಹಿಲ್ಡಾ ನಾರ್ವೆಯಿಂದ ವಲಸೆ ಬಂದವರ ಮನೆತನದವಳು. ಒಂದು ಸ್ಥಿರವಾದ ಮನೆಗಾಗಿ ಬಾಳೆಲ್ಲ ಹಂಬಲಿಸಿ ಅದನ್ನು ಕಾಣದೆ 1933ರಲ್ಲಿ ಅರ್ಬುದರೋಗದಿಂದ ತೀರಿಕೊಂಡಳು. ಉತ್ತರ ಡಕೋಟ, ವಾಷಿಂಗ್ಟನ್ ಸಂಸ್ಥಾನಗಳನ್ನು ಸುತ್ತಿ ಆ ಕುಟುಂಬವು 1914ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತದ ಈಸ್ಟೆಂಡ್ ಎಂಬ ಸಣ್ಣ ಊರಿಗೆ ಬಂದಿತು. ಚಳಿಗಾಲದಲ್ಲಿ ಊರಿನ ಮನೆ. ಬೇಸಗೆಯಲ್ಲಿ ಅಮೆರಿಕದ ಗಡಿಯನ್ನು ಮುಟ್ಟಿಕೊಂಡಿದ್ದ 320 ಎಕರೆ ಬಯಲಿನಲ್ಲಿ ಗೋದಿಯ ಬೇಸಾಯ. 1915ರಲ್ಲಿ ಬೆಳೆಯು ಹುಲುಸಾಗಿ ಬಂದಿತು. ಅದರ ಮುಂದಿನ ವರ್ಷಗಳಲ್ಲಿ ಮಳೆ ಕೈಕೊಟ್ಟಿತು. ಪೈರು ನಿಂತಲ್ಲಿಯೇ ಸುಟ್ಟುಹೋಯಿತು. 1920ರಲ್ಲಿ ಎಲ್ಲವನ್ನೂ ಬಿಟ್ಟು ಮೊಂಟಾನಕ್ಕೆ, ಮರುವರ್ಷ ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ನಗರಕ್ಕೆ ಪಯಣ. ಮದ್ಯನಿಷೇಧದ ಆ ದಿನಗಳಲ್ಲಿ ತಂದೆಯು ಕಳ್ಳತನದಿಂದ ಮದ್ಯವನ್ನು ಮಾರುತ್ತಿದ್ದುದರಿಂದ ಆ ನಗರದೊಳಗೂ ಮೇಲಿಂದಮೇಲೆ ಮನೆ ಬದಲಾಯಿಸುವುದು ತಪ್ಪಲಿಲ್ಲ.

ಈಸ್ಟೆಂಡಿನ ಆರು ವರ್ಷಗಳು ಸ್ಟೆಗ್ನರನ ಬರವಣಿಗೆಗೆಲ್ಲ ಮೂಲಧನವಾದವು. 1962ರಲ್ಲಿ ಪ್ರಕಟವಾದ ‘ವುಲ್ಫ್ ವಿಲೊ’ ಎಂಬ ಗ್ರಂಥದಲ್ಲಿ ಆತನು ಆ ಊರಿಗೆ ಹಿಂತಿರುಗುವನು. ಆ ಹೆಸರು ಅಲ್ಲಿಯ ಹೊಳೆಯ ದಂಡೆಯಲ್ಲಿ ಬೆಳೆಯುವ ಪೊದೆಯೊಂದರದು. ನಡುವಯಸ್ಸಿನವನಾಗಿ ಮರಳಿ ಬಂದವನಿಗೆ ಬಾಲ್ಯವೆಲ್ಲವೂ ಆ ಎಲೆಯ ವಾಸನೆಯಿಂದಲೇ ತೆರೆದುಕೊಂಡಿತು. ಆ ಗ್ರಂಥವು ಪೂರ್ತಿಯಾಗಿ ಆತ್ಮಕಥೆಯಲ್ಲ, ಚರಿತ್ರೆಯಲ್ಲ, ಕಥೆಯೂ ಅಲ್ಲ. ಮೂರನ್ನೂ ಬೆರಸಿದ ರಚನೆ. 1906-07ರ ಘೋರವಾದ ಚಳಿಗಾಲದಲ್ಲಿ ದನಗಾಹಿಗಳು ಹಿಮದೊಳಗೆ ಸಿಕ್ಕಿಬಿದ್ದ ವೃತ್ತಾಂತವು ಅದರ ನಡುವೆ ಒಂದು ದೀರ್ಘಕಥೆಯಾಗಿ ಬಂದಿದೆ. ಸ್ಟೆಗ್ನರನ ಗದ್ಯದಲ್ಲಿ ಅದಕ್ಕಿಂತ ಬಿಗಿಯಾದುದು ಇಲ್ಲವೆಂದರೆ ತಪ್ಪಾಗದು. ಆದರೆ ಸಾಹಿತ್ಯವನ್ನು ಬೋಧಿಸುವವರಿಗೆ ಮುಖ್ಯವಾದುದು ಅದರಲ್ಲಿಯ ಒಂದು ದೂರು. ಊರಿನ ಶಾಲೆಯಲ್ಲಿ ಹುಡುಗರು ದೂರದೇಶಗಳ ಚರಿತ್ರೆಯನ್ನೂ ಪದ್ಯಗಳನ್ನೂ ಕಲಿತರು. ತಮ್ಮ ಕಾಲಡಿಯ ನೆಲದ ಒಂದು ಸಂಗತಿಯನ್ನೂ ಕಲಿಯಲಿಲ್ಲ. 1873ರಲ್ಲಿ ಸೈಪ್ರೆಸ್ ಗುಡ್ಡಗಳಲ್ಲಿ ನಡೆದ ಕಗ್ಗೊಲೆ, ಅದೇ ವರ್ಷ ಹುಟ್ಟಿದ ಅಶ್ವಾರೋಹಿ ಪೊಲೀಸ್ ಪಡೆ, 1877ರಲ್ಲಿ ಗಡಿಯನ್ನು ದಾಟಿ ಆಶ್ರಯವನ್ನರಸಿ ಬಂದ ಸೂ ಜನಾಂಗದ ಮುಖಂಡ ಸಿಟಿಂಗ್ ಬುಲ್, ಇವೆಲ್ಲವೂ ಆ ಪರಿಸರದ ಸಂಗತಿಗಳೇ. ಹುಡುಗನಿಗೆ ಅವು ತಿಳಿದುಬಂದುದು ಊರನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಗ್ರಂಥಭಂಡಾರಗಳಲ್ಲಿ. ತನ್ನ ಊರಿಗೂ ಹೇಳಿಕೊಳ್ಳುವ ಕಥೆಯುಂಟೆಂದು ತಿಳಿಯದೆ ಬೆಳೆದವನು ಅನಾಥನಿಗೆ ಸಮಾನನೆಂಬ ಭಾವನೆ ಆ ಗ್ರಂಥದಲ್ಲೆಲ್ಲ ಹರಡಿದೆ.

ಸಾಲ್ಟ್ ಲೇಕಿನ ವಿಶ್ವವಿದ್ಯಾನಿಲಯದಲ್ಲಿ ಆತನಿಗೆ ಮೊದಲ ವರ್ಷದ ಇಂಗ್ಲಿಷನ್ನು ಕಲಿಸಿದವನು ವಾರ್ಡಿಸ್ ಫಿಶರ್ ಎಂಬ ಕಾದಂಬರಿಕಾರನೇ ಆಗಿದ್ದುದು ಒಂದು ಸುಯೋಗ. ಐಡಹೊ ಪ್ರಾಂತದ ಬೆಟ್ಟಗಾಡಿನಲ್ಲಿ ಹುಟ್ಟಿದ ಆ ಅಧ್ಯಾಪಕನನ್ನು ನೋಡಿ, ಪುಸ್ತಕಗಳನ್ನು ಬರೆಯುವವರು ಪೂರ್ವತೀರದ ನಗರಗಳಲ್ಲಿಯೇ ಹುಟ್ಟಬೇಕಾಗಿಲ್ಲವೆಂಬುದು ಶಿಷ್ಯನಿಗೆ ಪ್ರತ್ಯಕ್ಷವಾಗಿರಬೇಕು. 1930ರಲ್ಲಿ ಪದವಿಯನ್ನು ಪಡೆದು ಸ್ಟೆಗ್ನರನು ಅಯೊವಾ ವಿಶ್ವವಿದ್ಯಾನಿಲಯಕ್ಕೆ ಹೋದನು. ಸ್ವತಂತ್ರವಾದ ಕವಿತೆ, ಕಥೆಗಳನ್ನು ಪ್ರಬಂಧಕ್ಕೆ ಬದಲಾಗಿ ಒಪ್ಪಿಸಬಹುದೆಂಬ ಕ್ರಮವು ಆಗ ಅಲ್ಲಿ ನೆಲೆಗೊಳ್ಳುತ್ತಿದ್ದಿತು. ನಾರ್ಮನ್ ಫರ್ಸ್ಟರನು ಅದರ ಬೆಂಬಲಿಗ. 1932ರಲ್ಲಿ ಕೆಲವು ಕಥೆಗಳನ್ನೊಪ್ಪಿಸಿ ಎಂ.ಎ. ಪದವಿಯನ್ನು ಪಡೆದ ಸ್ಟೆಗ್ನರನು ಈ ಪದ್ಧತಿಯ ಮೊದಲ ಫಲಗಳಲ್ಲೊಬ್ಬನು. ಕಥೆ ಬರೆದು ವಿಶ್ವವಿದ್ಯಾನಿಲಯದ ಮುದ್ರೆಯನ್ನು ಪಡೆಯುವುದು ಆ ಕಾಲದ ವಿದ್ವಾಂಸರಲ್ಲಿ ಹಲವರಿಗೆ ಹಾಸ್ಯಾಸ್ಪದವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಡಾಕ್ಟರೇಟಿಗೆ ಮಾತ್ರ ಆತನು ಶಾಸ್ತ್ರೀಯವಾದ ವಿಷಯವನ್ನೇ ಆರಿಸಿಕೊಂಡನು: ಕ್ಲಾರೆನ್ಸ್ ಡಟನ್ ಎಂಬ ಭೂಗರ್ಭಶಾಸ್ತ್ರಜ್ಞನ ಬರವಣಿಗೆಗಳು. 1935ರಲ್ಲಿ ಮುಗಿದ ಈ ವ್ಯಾಸಂಗವು ಆತನನ್ನು ಡಟನ್ನನ ಮೇಲಧಿಕಾರಿಯಾಗಿದ್ದ ಜಾನ್ ವೆಸ್ಲಿ ಪೊವೆಲ್ಲನ ಬಳಿಗೆ ಕರೆದೊಯ್ದಿತು. 1954ರಲ್ಲಿ ಸ್ಟೆಗ್ನರನು ಪೊವೆಲ್ಲನ ಚರಿತ್ರೆಯನ್ನು ‘ಬಿಯಾಂಡ್ ದಿ ಹಂಡ್ರೆಡ್ತ್ ಮೆರಿಡಿಯನ್’ ಎಂಬ ಹೆಸರಿನಿಂದ ಪ್ರಕಟಿಸಿದನು. ನೂರನೆಯ ರೇಖಾಂಶದಿಂದ ಪಶ್ಚಿಮಕ್ಕೆ ವರ್ಷದ ಮಳೆಯು ಸಾಮಾನ್ಯವಾಗಿ 20 ಅಂಗುಲಗಳಿಗಿಂತ ಕಡಿಮೆ. ಅಲ್ಲಿ ಪೂರ್ವದೇಶದ ಮಳೆಬೇಸಾಯವು ಸಾಗದು. ನೀರಿನ ಪರಿಮಿತಿಯನ್ನರಿತು ಜನ ಕೂಡಿ ಬಾಳಬೇಕು ಎಂಬುದು ಪೊವೆಲ್ಲನ ವಾದ. ಆ ಮಾತನ್ನು ಸರಕಾರವೂ ಭೂಮಿಯ ದಲ್ಲಾಳಿಗಳೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಈಸ್ಟೆಂಡಿನ ಬಯಲಿನಲ್ಲಿ ತಂದೆಯ ಗೋದಿಯು ಒಣಗಿದುದಕ್ಕೆ ಕಾರಣವು ಅವನ ದುರದೃಷ್ಟವೊಂದೇ ಅಲ್ಲವೆಂದು ಮಗನಿಗೆ ತಿಳಿದುದು ಈ ಓದಿನಿಂದ. ಮನೆಯ ದುಃಖವೊಂದು ನಾಡಿನ ಚರಿತ್ರೆಯೊಳಗೆ ತನ್ನ ಸ್ಥಾನವನ್ನು ಕಂಡುಕೊಂಡಿತು. ಪ್ರಾಂತೀಯ ಕಾದಂಬರಿಯೆಂಬುದು ಬರಿಯ ಆಡುನುಡಿಯ, ಉಡುಗೆತೊಡುಗೆಯ ವರ್ಣನೆಯಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವು ಬೇಕಾಗಿಲ್ಲ.

ಬರವಣಿಗೆಯಿಂದ ಜೀವನವು ಸಾಗಬಹುದೆಂಬ ಧೈರ್ಯವನ್ನು ಕೊಟ್ಟುದು ಒಂದು ಸ್ಪರ್ಧೆ. 1937ರಲ್ಲಿ ‘ರಿಮೆಂಬರಿಂಗ್ ಲಾಫ್ಟರ್’ ಎಂಬ ಕಿರುಕಾದಂಬರಿಗೆ ಲಿಟ್ಲ್, ಬ್ರೌನ್ ಪ್ರಕಾಶನದ 2,500 ಡಾಲರುಗಳ ಬಹುಮಾನವು ಬಂದಿತು. ಬಳಿಕ ವಿಸ್ಕಾನ್ಸಿನ್ನಿನಲ್ಲಿ ಎರಡು ವರ್ಷ, ಹಾರ್ವರ್ಡಿನಲ್ಲಿ 1939ರಿಂದ 1945ರವರೆಗೆ ಅಧ್ಯಾಪನ. ಬೇಸಗೆಗಳಲ್ಲಿ ವರ್ಮಾಂಟಿನ ಬ್ರೆಡ್ ಲೋಫ್ ಎಂಬಲ್ಲಿ ಸೇರುತ್ತಿದ್ದ ಲೇಖಕರ ಶಿಬಿರ. ಅಲ್ಲಿ ಕವಿ ರಾಬರ್ಟ್ ಫ್ರಾಸ್ಟನ ಹಾಗೂ ಬರ್ನಾರ್ಡ್ ಡಿವೋಟೊನ ಸಹವಾಸವು ದೊರೆಯಿತು. ಡಿವೋಟೊನೂ ಯೂಟಾದವನೇ, ಪಶ್ಚಿಮದ ಕಾಡು, ನೀರು, ಹುಲ್ಲುಗಾವಲುಗಳ ಪರವಾಗಿ ಲೇಖನಿಯಿಂದ ಹೋರಾಡಿದವನು. ಸ್ಟೆಗ್ನರನು 1974ರಲ್ಲಿ ಅವನ ಜೀವನಚರಿತ್ರೆಯನ್ನು ಬರೆದು ಆ ಋಣವನ್ನು ತೀರಿಸಿದನು.

1943ರಲ್ಲಿ ಬಂದ ‘ದಿ ಬಿಗ್ ರಾಕ್ ಕ್ಯಾಂಡಿ ಮೌಂಟನ್’ ಆತನ ಮೊದಲ ಮಹಾಕೃತಿ. ಬೋ ಮೇಸನ್ ಎಂಬ ಅಲೆಮಾರಿ ಗೃಹಸ್ಥ, ಎಲ್ಸಾ ಎಂಬ ಸಹನಶೀಲೆ, ಇಬ್ಬರು ಮಕ್ಕಳು. ಬೇರೆ ಹೆಸರುಗಳಲ್ಲಿ ಇದು ಸ್ಟೆಗ್ನರ್ ಮನೆತನದ ಕಥೆಯೇ. ಗ್ರಂಥವು ಅಲ್ಲಲ್ಲಿ ಉದ್ದವಾಯಿತೆಂಬ ಆಕ್ಷೇಪಣೆಯಲ್ಲಿ ಹುರುಳುಂಟು. ಆದರೂ ಮಗನಿಗೆ ತಂದೆಯ ಮೇಲಿದ್ದ ದ್ವೇಷವನ್ನು ಲೇಖಕನು ಅಡಗಿಸದೆ, ಅದೇ ವೇಳೆಯಲ್ಲಿ ಆ ತಂದೆಯ ಕೈಚಳಕ, ಹುಮ್ಮಸ್ಸು, ಹಾಡು, ನಗೆಗಳನ್ನು ಓದುಗನು ಮೆಚ್ಚುವಂತೆ ಚಿತ್ರಿಸಿರುವುದು ಸಾಮಾನ್ಯವಾದ ಸಾಧನೆಯಲ್ಲ. ಪೂರ್ವತೀರದ ವಿಮರ್ಶಕರಲ್ಲಿ ಅನೇಕರು ಇಂತಹ ಬರವಣಿಗೆಯನ್ನು ‘ಪಶ್ಚಿಮದ್ದು’ ಎಂದು ಬದಿಗಿಟ್ಟರು. ಆ ಹಣೆಪಟ್ಟಿಯು ಸ್ಟೆಗ್ನರನನ್ನು ಕೊನೆಯವರೆಗೂ ಬಿಡಲಿಲ್ಲ. ಕನ್ನಡದಲ್ಲಿ ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ಯು ಮಲೆನಾಡಿನದೆಂದೋ ‘ಮರಳಿ ಮಣ್ಣಿಗೆ’ಯು ಕರಾವಳಿಯದೆಂದೋ ಕುಗ್ಗಿಸಿ ಮಾತನಾಡಿದರೆ ಒಪ್ಪುವವರಿಲ್ಲ. ಅಮೆರಿಕದಲ್ಲಿ ಪ್ರಕಾಶನ, ಪತ್ರಿಕೆ, ವಿಮರ್ಶೆಗಳೆಲ್ಲವೂ ಬಹುಕಾಲ ಒಂದೇ ಮೂಲೆಯಲ್ಲಿ ಕೇಂದ್ರೀಕೃತವಾಗಿದ್ದುದರಿಂದ ಅಂತಹ ಕುಗ್ಗಿಸುವಿಕೆಯು ಸಾಧ್ಯವಾಯಿತು. ಸ್ಟೆಗ್ನರನ ಅಧ್ಯಾಪನದ ಅರ್ಥವು ತಿಳಿಯಬೇಕಾದರೆ ಈ ಅಸಮತೆಯನ್ನು ನೆನಪಿನಲ್ಲಿಡಬೇಕು.

1945ರಲ್ಲಿ ಆತನು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದನು. ಎರಡನೆಯ ಮಹಾಯುದ್ಧವು ಆಗತಾನೆ ಮುಗಿದಿದ್ದಿತು. ಸರಕಾರದ ಸಹಾಯಧನವನ್ನು ಪಡೆದು ಸೈನಿಕರು ತಂಡತಂಡವಾಗಿ ಕಾಲೇಜುಗಳಿಗೆ ಮರಳುತ್ತಿದ್ದರು. ಹದಿಹರೆಯದ ವಿದ್ಯಾರ್ಥಿಗಳಿಗೆ ಅಲಂಕಾರ, ವಾಕ್ಯರಚನೆಗಳನ್ನು ತಿದ್ದಿ ರೂಢಿಯಾಗಿದ್ದ ಅಧ್ಯಾಪಕನ ಮುಂದೆ ಸಾವನ್ನು ಕಣ್ಣಾರೆ ಕಂಡವರು ಕುಳಿತರು. ಅವರಿಗೆ ಹೇಳಲು ವಿಷಯವುಂಟು, ಹೇಳುವ ಬಗೆಯು ತಿಳಿಯದು, ಕಾಯಲು ಸಹನೆಯಿಲ್ಲ. ಅವರಲ್ಲೊಬ್ಬನಾದ ಯುಜೀನ್ ಬರ್ಡಿಕ್ಕನು ಮುಂದೆ 1958ರಲ್ಲಿ ವಿಲಿಯಂ ಲೆಡರರನೊಡನೆ ಬರೆದ ‘ದಿ ಅಗ್ಲಿ ಅಮೆರಿಕನ್’ ಎಂಬ ಕಾದಂಬರಿಯಿಂದ ಖ್ಯಾತನಾದನು. ಇಂತಹವರಿಗೆ ಬೇಕಾದುದು ಪಠ್ಯಕ್ರಮಕ್ಕಿಂತ ಹೆಚ್ಚಾಗಿ ಹೊಟ್ಟೆಬಟ್ಟೆಯ ಚಿಂತೆಯಿಲ್ಲದ ಒಂದೆರಡು ವರ್ಷಗಳೆಂದು ಸ್ಟೆಗ್ನರನು ಕಂಡುಕೊಂಡನು. ಇಂಗ್ಲಿಷ್ ವಿಭಾಗದ ಮುಖ್ಯಸ್ಥನಾಗಿದ್ದ ರಿಚರ್ಡ್ ಫಾಸ್ಟರ್ ಜೋನ್ಸನ ಸೋದರ, ಎಣ್ಣೆಬಾವಿಗಳಿಂದ ಧನಿಕನಾಗಿದ್ದ ವೈದ್ಯ ಇ. ಎಚ್. ಜೋನ್ಸನು ದ್ರವ್ಯವನ್ನು ಕೊಟ್ಟನು. ಹೀಗೆ ಲೇಖಕರ ವೇತನಗಳೂ ಕಥನಶಿಕ್ಷೆಯ ವಿಭಾಗವೂ ಹುಟ್ಟಿದವು. ರಿಚರ್ಡ್ ಸ್ಕೌಕ್ರಾಫ್ಟನು ಸಹೋದ್ಯೋಗಿಯಾಗಿ ಬಂದು ಭಾರವನ್ನು ಹಂಚಿಕೊಂಡನು. 1946ರಿಂದಲೇ ವಿದ್ಯಾರ್ಥಿಗಳ ಆಯ್ದ ಕಥೆಗಳು ಸಂಕಲನಗಳಾಗಿ ಹೊರಬರತೊಡಗಿದವು.

ತರಗತಿಯ ಸ್ವರೂಪವು ಸರಳ. ಒಂದು ಉದ್ದವಾದ ಮೇಜಿನ ಸುತ್ತ ಹತ್ತಾರು ಜನ. ಒಬ್ಬನು ಬರೆದುದನ್ನು ಎಲ್ಲರೂ ಕೇಳಬೇಕು, ಕೇಳಿದವರೆಲ್ಲರೂ ಮಾತನಾಡಬೇಕು, ಬರೆದವನು ತಾಳ್ಮೆಯಿಂದ ಆಲಿಸಬೇಕು. ಅಧ್ಯಾಪಕನ ಮಾತು ಬರುವುದು ಕಡೆಗೆ, ಬಂದರೂ ಮಿತವಾಗಿ. 1988ರಲ್ಲಿ ‘ಆನ್ ದಿ ಟೀಚಿಂಗ್ ಆಫ್ ಕ್ರಿಯೇಟಿವ್ ರೈಟಿಂಗ್’ ಎಂಬ ಹೆಸರಿನಿಂದ ಪ್ರಕಟವಾದ ಕಿರುಪುಸ್ತಕದಲ್ಲಿ ಈ ವಿಷಯವಾಗಿ ಆತನ ಅಭಿಪ್ರಾಯಗಳು ಪ್ರಶ್ನೋತ್ತರ ರೂಪದಲ್ಲಿ ದೊರೆಯುತ್ತವೆ. ಅವುಗಳ ಸಾರವನ್ನು ಮಮ್ಮಟನ ಓದುಗರು ಸುಲಭವಾಗಿ ಗುರುತಿಸಬಲ್ಲರು. ಪ್ರತಿಭೆಯನ್ನು ಯಾರೂ ಯಾರಿಗೂ ಕೊಡಲಾರರು. ಇದ್ದ ಪ್ರತಿಭೆಯು ವ್ಯರ್ಥವಾಗದಂತೆ ಕಾಪಾಡಬಹುದು, ಅದರ ಬೆಳವಣಿಗೆಯನ್ನು ಕೆಲವು ವರ್ಷಗಳಷ್ಟು ತ್ವರೆಗೊಳಿಸಬಹುದು. ಗುರುವಿನಿಂದ ಕಲಿಯುವುದಕ್ಕಿಂತ ಹೆಚ್ಚನ್ನು ಒಳ್ಳೆಯ ಶಿಷ್ಯರು ಪರಸ್ಪರರಿಂದ ಕಲಿಯುತ್ತಾರೆ. ಆದಕಾರಣ ಆರಿಸಿಕೊಳ್ಳುವುದೇ ಕಲಿಸುವುದರ ಅರ್ಧಭಾಗ. ಎಲ್ಲಕ್ಕಿಂತ ಮಿಗಿಲಾಗಿ, ಗುರುವು ಶಿಷ್ಯನನ್ನು ತನ್ನ ಪಡಿಯಚ್ಚಾಗಿ ಎರೆಯಬಾರದು. ತನಗೆ ಒಗ್ಗದ ರೀತಿಯ ಬರವಣಿಗೆಯೊಳಕ್ಕೂ ಹೊಕ್ಕು ಅದರ ಉದ್ದೇಶದಿಂದಲೇ ಅದನ್ನು ತೂಗಬೇಕು. ಕೊನೆಯದು ಹೇಳುವುದಕ್ಕೆ ಸುಲಭ. ಮಧ್ಯಾಹ್ನವೆಲ್ಲ ಇತರರ ವಾಕ್ಯಗಳೊಳಗೆ ವಾಸಮಾಡಿದವನು ಮರುದಿನ ಮುಂಜಾನೆ ತನ್ನ ವಾಕ್ಯಕ್ಕೆ ಮರಳುವುದು ಎಷ್ಟು ಕಷ್ಟವೆಂಬುದನ್ನು ಬರೆಯುವ ಅಧ್ಯಾಪಕರೆಲ್ಲರೂ ಬಲ್ಲರು.

ಈ ಮೇಜಿನ ಬಳಿ ಕುಳಿತವರ ಪಟ್ಟಿಯು ದೊಡ್ಡದು. ಅದನ್ನು ಪೂರ್ತಿಯಾಗಿ ಒಪ್ಪಿಸುವುದರಿಂದ ಪ್ರಯೋಜನವಿಲ್ಲ. ಅವರಲ್ಲಿ ಮೂವರ ಮುಂದಿನ ದಾರಿಯು ಮಾತ್ರ ಪರಿಶೀಲನೆಗೆ ತಕ್ಕುದು. ವೆಂಡೆಲ್ ಬೆರಿಯು 1958ರಲ್ಲಿ ಕೆಂಟಕಿಯಿಂದ ಬಂದನು. 1960ರಲ್ಲಿ ಆತನ ಮೊದಲ ಕಾದಂಬರಿಯು ಹೊರಬಿತ್ತು. ಕೆಲವು ವರ್ಷ ನ್ಯೂಯಾರ್ಕಿನಲ್ಲಿ ಪಾಠ ಹೇಳಿ, ನಗರದ ಸೌಕರ್ಯವನ್ನು ಬಿಟ್ಟು ಹುಟ್ಟಿದ ಜಿಲ್ಲೆಗೆ ಮರಳಿ ಹೊಲವನ್ನು ಕೊಂಡು ಉಳತೊಡಗಿದನು. ಆತನ ಕಥೆಗಳೆಲ್ಲವೂ ಪೋರ್ಟ್ ವಿಲಿಯಂ ಎಂಬ ಒಂದೇ ಕಲ್ಪಿತ ಹಳ್ಳಿಯಲ್ಲಿ ನಡೆಯುತ್ತವೆ. ಅದೇ ವರ್ಷ ಬಂದ ಅರ್ನೆಸ್ಟ್ ಗೇನ್ಸನು ಲೂಯಿಸಿಯಾನದ ಕಬ್ಬಿನ ತೋಟದ ಕೂಲಿಗಳ ಬಿಡಾರದಲ್ಲಿ 1933ರಲ್ಲಿ ಹುಟ್ಟಿದ ಕರಿಯ ಜನಾಂಗದವನು. ಹದಿನೈದನೆಯ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಬಂದು, ಗ್ರಂಥಭಂಡಾರದಲ್ಲಿ ತನ್ನ ಜನರ ಬಾಳು ಇರುವ ಪುಸ್ತಕವನ್ನು ಹುಡುಕಿ ಕಾಣದೆ, ಅದನ್ನು ತಾನೇ ಬರೆಯಲು ತೊಡಗಿದವನು. ಆತನೂ ಕಲ್ಪಿತವಾದ ಬೇಯೊನ್ ಎಂಬ ಊರನ್ನು ನಿರ್ಮಿಸಿಕೊಂಡು, ಜೀವಮಾನವೆಲ್ಲ ಹುಟ್ಟಿದ ತೋಟದ ಕಥೆಯನ್ನೇ ಹೇಳಿದನು. ಟೆಕ್ಸಾಸಿನ ಲ್ಯಾರಿ ಮಕ್‌ಮರ್ಟ್ರಿಯು ದನಗಾಹಿಗಳ ಮನೆತನದವನು. ಆ ಬಯಲನ್ನೂ ಅದರ ಸಣ್ಣ ಊರುಗಳನ್ನೂ ಬರೆದು ಅದರ ಬಗೆಗಿನ ವೀರಗಾಥೆಗಳ ಬಣ್ಣವನ್ನು ಕಳಚಿದನು. ಮೂವರ ಶೈಲಿಯಲ್ಲಿಯೂ ಸ್ಟೆಗ್ನರನ ಶೈಲಿಯ ಛಾಯೆಯಿಲ್ಲ; ಮೂವರೂ ಪರಸ್ಪರ ಭಿನ್ನರು. ತನ್ನ ಊರು ಬರೆಯುವುದಕ್ಕೆ ಯೋಗ್ಯವಾದುದೆಂಬ ನಂಬಿಕೆಯೊಂದೇ ಅವರಿಗೆ ಸಮಾನವಾದುದು. ಆ ನಂಬಿಕೆಯನ್ನು ಹುಟ್ಟಿಸಿದವನು ಸ್ಟೆಗ್ನರನೇ ಎಂದು ಹೇಳುವುದು ಅತಿಯಾದೀತು. ಅದನ್ನು ಅಲ್ಲಗಳೆಯದೆ ಕಾಪಾಡಿದ ಮೇಜು ಅದಾಗಿದ್ದಿತೆಂದರೆ ಸಾಕು. ಟಿಲ್ಲಿ ಓಲ್ಸನ್ ಎಂಬ ಲೇಖಕಿಯನ್ನೂ ಇಲ್ಲಿ ನೆನೆಯಬೇಕು. ನಾಲ್ವರು ಮಕ್ಕಳನ್ನು ಸಾಕುತ್ತ, ಕೂಲಿಯ ಕೆಲಸಗಳನ್ನು ಮಾಡುತ್ತ ದಶಕಗಳ ಕಾಲ ಲೇಖನಿಯನ್ನು ಕೆಳಗಿಟ್ಟಿದ್ದ ಆಕೆಗೆ ನಡುವಯಸ್ಸಿನಲ್ಲಿ ಈ ವಿಭಾಗದ ವೇತನವು ದೊರೆಯಿತು. ಆ ಬಿಡುವು ಅವಳ 1961ರ ಕಥಾಸಂಗ್ರಹಕ್ಕೆ ಒದಗಿ ಬಂದಿತು.

ಎಲ್ಲ ಶಿಷ್ಯರೂ ಗುರುವನ್ನು ಮೆಚ್ಚಲಿಲ್ಲ. ಆರೆಗಾನಿನ ಕೆನ್ ಕೀಸಿಯು ಇಲ್ಲಿದ್ದಾಗ ನೆರೆಯ ಸೈನಿಕರ ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿಯ ಕೆಲಸವನ್ನು ಮಾಡುತ್ತ, ಆ ಅನುಭವದಿಂದ 1962ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಕಾದಂಬರಿಯನ್ನು ಬರೆದನು. ಅದಕ್ಕೆ ಹೆಚ್ಚಿನ ಬೆಂಬಲವು ದೊರೆತುದು ಸಂದರ್ಶಕ ಅಧ್ಯಾಪಕನಾಗಿ ಬಂದಿದ್ದ ಮಾಲ್ಕಮ್ ಕೌಲಿಯಿಂದ. ಶಿಸ್ತು, ದುಡಿಮೆ, ಸಂಯಮಗಳನ್ನು ಜೀವಾಳವೆಂದೆಣಿಸಿದ್ದ ಸ್ಟೆಗ್ನರನಿಗೂ ಕಟ್ಟುಗಳನ್ನೆಲ್ಲ ಮುರಿಯಹೊರಟ ಕೀಸಿಗೂ ಹೊಂದಿಕೆಯಾಗಲಿಲ್ಲ. ಆ ವಿರೋಧವನ್ನು ಇಬ್ಬರೂ ಮರೆಯಲಿಲ್ಲ. ಶಿಷ್ಯನ ಉದ್ದೇಶದೊಳಕ್ಕೆ ಹೊಗಬೇಕೆಂಬ ತನ್ನ ನಿಯಮವನ್ನು ಗುರುವು ಇಲ್ಲಿ ಪೂರ್ಣವಾಗಿ ಪಾಲಿಸಲಾರದೆ ಹೋದನೆಂದು ಒಪ್ಪಬೇಕಾಗುತ್ತದೆ. ಆದರೂ ಎದುರುಬಿದ್ದು ಬರೆಯುವುದಕ್ಕೂ ಎದುರಿಗೆ ಗಟ್ಟಿಯಾದ ಗೋಡೆಯೊಂದು ಬೇಕಾಗುತ್ತದೆಯಷ್ಟೆ.

ಅಧ್ಯಾಪನಕ್ಕೆ ತೆತ್ತ ಬೆಲೆಯನ್ನು ಗ್ರಂಥಗಳ ವರ್ಷಗಳೇ ಹೇಳುತ್ತವೆ. 1937ರಿಂದ 1950ರವರೆಗೆ ಸ್ಟೆಗ್ನರನು ಏಳು ಕಾದಂಬರಿಗಳನ್ನು ಪ್ರಕಟಿಸಿದನು. 1950ರ ‘ದಿ ಪ್ರೀಚರ್ ಅಂಡ್ ದಿ ಸ್ಲೇವ್’ ಆದಮೇಲೆ ಮುಂದಿನ ಕಾದಂಬರಿಯು ಬಂದುದು 1961ರಲ್ಲಿ. ಈ ಹನ್ನೊಂದು ವರ್ಷಗಳಲ್ಲಿ ಚರಿತ್ರೆ, ಸಣ್ಣಕಥೆ, ಭೂಸಂರಕ್ಷಣೆಯ ಲೇಖನಗಳು ನಡೆದವು. ಕಾದಂಬರಿ ಮಾತ್ರ ಇಲ್ಲ. ಕಾರಣವು ಅಧ್ಯಾಪನವೊಂದೇ ಎನ್ನಲಾಗದು. 1960ರ ಡಿಸೆಂಬರ್ 3ರಂದು ಆತನು ಬರೆದ, ‘ಅರಣ್ಯಪತ್ರ’ವೆಂದು ಪ್ರಸಿದ್ಧವಾದ ಕಾಗದವು 1964ರ ಅರಣ್ಯಸಂರಕ್ಷಣಾ ಶಾಸನಕ್ಕೆ ನಡೆದ ಪ್ರಯತ್ನದಲ್ಲಿ ಮಹತ್ತಾದ ಪ್ರಭಾವವನ್ನು ಬೀರಿತು; ಅಂತಹ ಸಾರ್ವಜನಿಕ ಕಾರ್ಯಗಳಿಗೂ ಕಾಲವು ಸಂದಿತು. 1960ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಗಳಿಂದ ವಿಶ್ವವಿದ್ಯಾನಿಲಯಗಳು ಕಲಕಿಹೋದಾಗ ಆತನಿಗೆ ಪಾಠ ಹೇಳುವುದರಲ್ಲಿ ಉತ್ಸಾಹವು ಕುಗ್ಗಿತು. 1971ರಲ್ಲಿ, 62ನೆಯ ವಯಸ್ಸಿನಲ್ಲಿ, ನಿವೃತ್ತನಾದನು. ‘ಆ್ಯಂಗಲ್ ಆಫ್ ರಿಪೋಸ್’ ಕಾದಂಬರಿಯು ಪ್ರಕಟವಾದುದೂ ಅದೇ ವರ್ಷ.

ಆ ಹೆಸರು ಎಂಜಿನಿಯರರ ಪರಿಭಾಷೆ. ಅಗೆದು ರಾಶಿ ಹಾಕಿದ ಮಣ್ಣೂ ಕಲ್ಲೂ ಉರುಳುವುದನ್ನು ನಿಲ್ಲಿಸಿ ನೆಲೆಗೊಳ್ಳುವ ಇಳಿಜಾರಿನ ಕೋನಕ್ಕೆ ಆ ಹೆಸರುಂಟು. ಕಾಲನ್ನು ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತ ಲೈಮನ್ ವಾರ್ಡ್ ಎಂಬ ಚರಿತ್ರಕಾರನು ತನ್ನ ಅಜ್ಜಿ ಸೂಸನ್ ವಾರ್ಡಳ ಕಾಗದಗಳನ್ನು ಓದುತ್ತ ಅವಳ ಸಂಸಾರವನ್ನು ಪುನಃ ಕಟ್ಟುತ್ತಾನೆ. ಪೂರ್ವದೇಶದ ಸುಸಂಸ್ಕೃತೆಯಾದ ಚಿತ್ರಕಲಾವಿದೆ, ಪಶ್ಚಿಮದ ಗಣಿಗಳಲ್ಲಿಯೂ ಕಾಲುವೆಗಳಲ್ಲಿಯೂ ದುಡಿದು ಸೋಲುವ ಪ್ರಾಮಾಣಿಕನಾದ ಎಂಜಿನಿಯರ್ ಗಂಡ. ಅಮೆರಿಕದ ಪಶ್ಚಿಮವೆಂದರೆ ಬಂದೂಕು ಹಿಡಿದ ಒಂಟಿ ಕುದುರೆಸವಾರನೆಂಬ ಹಳೆಯ ಕಲ್ಪನೆಯನ್ನು ತೊಡೆದು, ಮನೆ ಹೂಡಲು ಹೆಣಗಿದ ಹೆಂಗಸೊಬ್ಬಳ ಮೂಲಕ ಆ ನಾಡನ್ನು ಕಾಣಿಸಿದ ಕೃತಿ ಇದು. 1972ರಲ್ಲಿ ಇದಕ್ಕೆ ಪುಲಿಟ್ಜರ್ ಬಹುಮಾನವು ದೊರೆಯಿತು.

ಸೂಸನ್ನಳ ಹಿಂದೆ ನಿಜವಾದ ವ್ಯಕ್ತಿಯೊಬ್ಬಳಿದ್ದಳು. ಮೇರಿ ಹ್ಯಾಲಕ್ ಫೂಟ್ (1847–1938) ತನ್ನ ಕಾಲದಲ್ಲಿ ಹೆಸರಾಂತ ಚಿತ್ರಕಾರಳೂ ಕಥೆಗಾರ್ತಿಯೂ ಆಗಿದ್ದವಳು. ಗಂಡನೊಡನೆ ನ್ಯೂ ಅಲ್ಮಡೆನ್, ಲೆಡ್‌ವಿಲ್, ಬಾಯ್ಸಿ, ಗ್ರಾಸ್ ವ್ಯಾಲಿಗಳಲ್ಲಿ ವಾಸಮಾಡಿ, ನ್ಯೂಯಾರ್ಕಿನ ಗೆಳತಿ ಹೆಲೆನಾ ಗಿಲ್ಡರಳಿಗೆ ವರ್ಷಗಟ್ಟಲೆ ಕಾಗದಗಳನ್ನು ಬರೆದಳು. ಆ ಕಾಗದಗಳ ಪ್ರತಿಗಳು ಸ್ಟ್ಯಾನ್‌ಫರ್ಡಿನ ಗ್ರಂಥಭಂಡಾರಕ್ಕೆ ಬಂದವು. ಮೊಮ್ಮಗಳೊಬ್ಬಳ ಒಪ್ಪಿಗೆಯನ್ನು ಪಡೆದು, ಮನೆತನದ ಹೆಸರನ್ನು ಹೊರಗೆಡಹದೆ, ಸ್ಟೆಗ್ನರನು ಅವುಗಳನ್ನು ಬಳಸಿಕೊಂಡನು. ಗ್ರಂಥದ ಆರಂಭದಲ್ಲಿ ಪೂರ್ವಿಕರನ್ನು ಎರವಲು ಕೊಟ್ಟವರಿಗೆ ಹೆಸರಿನ ಮೊದಲಕ್ಷರಗಳಿಂದಷ್ಟೇ ಕೃತಜ್ಞತೆಯನ್ನು ಸಲ್ಲಿಸಿದನು. ಫೂಟಳ ಕಾಗದಗಳ ಅನೇಕ ಭಾಗಗಳು ಸೂಸನ್ನಳ ಕಾಗದಗಳಾಗಿ, ಹೆಚ್ಚು ಬದಲಾವಣೆಯಿಲ್ಲದೆ, ಕಾದಂಬರಿಯೊಳಕ್ಕೆ ಬಂದವು. 1972ರಲ್ಲಿ ಫೂಟಳ ಆತ್ಮವೃತ್ತಾಂತವು ಅಚ್ಚಾದಾಗ ಸಾದೃಶ್ಯವು ಎಲ್ಲರಿಗೂ ಗೋಚರವಾಯಿತು. ಮನೆತನದವರಿಗೆ ಹೆಚ್ಚಿನ ನೋವಾದುದು ಬೇರೊಂದು ಕಾರಣದಿಂದ. ಕಾದಂಬರಿಯಲ್ಲಿ ಸೂಸನ್ನಳ ಮನಸ್ಸು ಪರಪುರುಷನ ಕಡೆಗೆ ಹರಿದು, ಆ ಮೈಮರೆವಿನ ನಡುವೆ ಅವಳ ಸಣ್ಣ ಮಗಳು ಕಾಲುವೆಯಲ್ಲಿ ಮುಳುಗಿ ಸಾಯುತ್ತಾಳೆ. ಫೂಟಳ ಬಾಳಿನಲ್ಲಿ ಅಂತಹ ಪ್ರಸಂಗವಿಲ್ಲ. ಅವಳ ಮಗಳು ಆ್ಯಗ್ನೆಸ್ 1904ರಲ್ಲಿ ಹದಿನೇಳನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡವಳು. ಆ ಮಗುವಿನ ಹೆಸರನ್ನು ಕೂಡ ಕಾದಂಬರಿಕಾರನು ಬದಲಾಯಿಸಲಿಲ್ಲ.

ಇದು ಕಾದಂಬರಿಯೇ ಹೊರತು ಚರಿತ್ರೆಯಲ್ಲ, ಚರಿತ್ರೆಯ ಸಾಮಗ್ರಿಯನ್ನು ಬಾಗಿಸುವ ಹಕ್ಕು ಕಥೆಗಾರನಿಗುಂಟು ಎಂಬುದು ಸ್ಟೆಗ್ನರನ ಸಮಾಧಾನ. ಇತಿಹಾಸದಿಂದ ವಸ್ತುವನ್ನೆತ್ತಿಕೊಂಡು ರಸೋಚಿತವಾಗಿ ಮಾರ್ಪಡಿಸಿಕೊಳ್ಳಬಹುದೆಂದು ಆನಂದವರ್ಧನನೂ ಒಪ್ಪಿರುವುದುಂಟು. ಆದರೆ ಅಲಂಕಾರಿಕರು ಹೇಳಿದುದು ವಸ್ತುವಿನ ಮಾತು. ಇಲ್ಲಿ ತೆಗೆದುಕೊಂಡುದು ಇನ್ನೊಬ್ಬ ಲೇಖಕಿಯ ವಾಕ್ಯಗಳನ್ನು. ಫೂಟಳೂ ಪಶ್ಚಿಮವನ್ನು ಮೊದಲು ಬರೆದವರಲ್ಲೊಬ್ಬಳು. ಈಸ್ಟೆಂಡಿನ ಹುಡುಗನು ಶಾಲೆಯಲ್ಲಿ ಕಾಣದೆ ಹೋದ ಪೂರ್ವಿಕರ ಸಾಲಿಗೆ ಸೇರಿದವಳು. ಅಂತಹವಳ ದನಿಯು ಹೆಸರಿಲ್ಲದೆ ಮತ್ತೊಬ್ಬನ ಬಹುಮಾನದ ಗ್ರಂಥದೊಳಗೆ ಕರಗಿಹೋದುದು, ಪ್ರಾಂತದ ಮರೆತ ದನಿಗಳನ್ನು ಉಳಿಸಬೇಕೆಂದು ಕಲಿಸಿದವನಿಂದಲೇ ಆದುದು, ಸಣ್ಣ ಸಂಗತಿಯಲ್ಲ. ಹೆಸರನ್ನು ಮರೆಮಾಡಿದುದು ಮನೆತನದ ಮಾನಕ್ಕಾಗಿ ಎಂಬುದು ನಿಜ. ಮರೆಮಾಡಿದ ಮೇಲೆ ಅಷ್ಟು ಹೇರಳವಾಗಿ ಅವಳ ಮಾತುಗಳನ್ನೇ ಬಳಸದಿರಬಹುದಾಗಿದ್ದಿತೆಂಬುದೂ ನಿಜ. ಕಾದಂಬರಿಯು ದೊಡ್ಡದೆಂಬುದರಿಂದ ಈ ಲೆಕ್ಕವು ತೀರಿಹೋಗುವುದಿಲ್ಲ. ಆ ವಿವಾದದ ಮೂಲಕವೇ ಫೂಟಳ ಗ್ರಂಥಗಳು ಮತ್ತೆ ಓದುಗರನ್ನು ಪಡೆದುವೆಂಬುದನ್ನು ಬೇಕಾದರೆ ವಿಧಿಯ ವಿನೋದವೆನ್ನಬಹುದು.

ಮೇಜನ್ನು ಬಿಟ್ಟಮೇಲೆ ಸ್ಟೆಗ್ನರನಿಗೆ ದೀರ್ಘವಾದ ಸುಗ್ಗಿಯು ಒದಗಿತು. ‘ದಿ ಸ್ಪೆಕ್ಟೇಟರ್ ಬರ್ಡ್’ (1976) ಮರುವರ್ಷ ರಾಷ್ಟ್ರೀಯ ಗ್ರಂಥ ಬಹುಮಾನವನ್ನು ಗಳಿಸಿತು. ‘ರೀಕ್ಯಾಪಿಟ್ಯುಲೇಷನ್’ (1979) ಸಾಲ್ಟ್ ಲೇಕಿಗೂ ಮೇಸನ್ ಮನೆತನದ ಮಗನಿಗೂ ಮರಳಿತು. ‘ಕ್ರಾಸಿಂಗ್ ಟು ಸೇಫ್ಟಿ’ (1987) ಇಬ್ಬರು ಅಧ್ಯಾಪಕ ದಂಪತಿಗಳ ದೀರ್ಘಸ್ನೇಹವನ್ನು ಕುರಿತ ಶಾಂತವಾದ ಕಾದಂಬರಿ. 1992ರಲ್ಲಿ ರಾಷ್ಟ್ರೀಯ ಕಲಾಪದಕವನ್ನು ಕೊಡಬಂದಾಗ, ಕಲೆಗೆ ಸಲ್ಲುವ ಸರಕಾರಿ ನೆರವಿನ ಮೇಲೆ ರಾಜಕೀಯದ ಒತ್ತಡವನ್ನು ತರುತ್ತಿರುವುದನ್ನು ಪ್ರತಿಭಟಿಸಿ ಅದನ್ನು ನಿರಾಕರಿಸಿದನು. 1993ರ ವಸಂತದಲ್ಲಿ ಉಪನ್ಯಾಸಕ್ಕೆಂದು ಸಾಂಟಾ ಫೇ ನಗರಕ್ಕೆ ಹೋಗಿದ್ದಾಗ ಮೋಟಾರು ಅಪಘಾತದಲ್ಲಿ ಗಾಯಗೊಂಡು, ಏಪ್ರಿಲ್ 13ರಂದು ಅಲ್ಲಿಯೇ ಮರಣಹೊಂದಿದನು. ಸ್ಟ್ಯಾನ್‌ಫರ್ಡಿನ ವೇತನಗಳಿಗೆ ಈಗ ಆತನ ಹೆಸರೇ ಇದೆ. ಎರಡು ವರ್ಷಗಳ ಆ ಅವಧಿಯು ಯಾವ ಪದವಿಯನ್ನೂ ಕೊಡುವುದಿಲ್ಲ, ಬಿಡುವನ್ನೂ ಮೇಜನ್ನೂ ಮಾತ್ರ ಕೊಡುತ್ತದೆ.

ಈಸ್ಟೆಂಡಿನಲ್ಲಿ ತಂದೆಯು ಕಟ್ಟಿಸಿ ಕೆಲವೇ ವರ್ಷಗಳಲ್ಲಿ ಬಿಟ್ಟುಹೋದ ಮನೆಯು ಹೊಳೆಯ ಬಳಿ ನಿಂತಿದ್ದಿತು. ಊರಿನ ಕಲಾಮಂಡಳಿಯವರು ಅದನ್ನು ಕೊಂಡು ದುರಸ್ತಿಮಾಡಿ, 1990ರ ಸುಮಾರಿನಿಂದ ಬರೆಯುವವರಿಗೂ ಚಿತ್ರ ಬಿಡಿಸುವವರಿಗೂ ಕೆಲವು ವಾರಗಳ ಮಟ್ಟಿಗೆ ಅಲ್ಪಬಾಡಿಗೆಗೆ ಕೊಡುತ್ತ ಬಂದಿದ್ದಾರೆ. ತಾಯಿಯು ನೆಲೆಯಾಗಿ ಬಾಳಬೇಕೆಂದು ಆಸೆಪಟ್ಟ ಕೋಣೆಗಳಲ್ಲಿ ಪರಸ್ಥಳದ ಲೇಖಕರು ಬಂದು ಕುಳಿತು ತಮ್ಮ ತಮ್ಮ ಊರುಗಳ ಕಥೆಗಳನ್ನು ಬರೆಯುತ್ತಾರೆ.